ಗೊರಕೆ ನಿಂತ ಆ ಹತ್ತು ಸೆಕೆಂಡು

ಮದುವೆ ಛತ್ರದಲ್ಲಿ ರಾತ್ರಿ ಜಮಖಾನದ ಮೇಲೆ ಸಾಲಾಗಿ ಮಲಗಿದವರಿಗೆಲ್ಲ ಇದು ಗೊತ್ತು. ದೀಪ ಆರಿಸಿ ಸ್ವಲ್ಪ ಹೊತ್ತಿಗೆ ಮೂಲೆಯಿಂದ ಒಬ್ಬರ ಗೊರಕೆ ಶುರುವಾಗುತ್ತದೆ. ಪಕ್ಕದವರು ಮಗ್ಗುಲು ಬದಲಿಸುತ್ತಾರೆ, ಹುಡುಗರು ಮುಸಿಮುಸಿ ನಗುತ್ತಾರೆ, ಯಾರೋ ಕತ್ತಲಲ್ಲೇ "ಕುಂಭಕರ್ಣ ಎದ್ದ" ಅನ್ನುತ್ತಾರೆ. ಬೆಳಿಗ್ಗೆ ಉಪ್ಪಿಟ್ಟಿನ ಹೊತ್ತಿಗೆ ಅದೇ ತಮಾಷೆ. ಗೊರಕೆ ಹೊಡೆದವರೂ ನಕ್ಕು ಸುಮ್ಮನಾಗುತ್ತಾರೆ.

ನಮ್ಮ ಕಡೆ ಹಾಲಿನ ವ್ಯಾನ್ ಓಡಿಸುವ ಪರಿಚಯದವರೊಬ್ಬರ ಮನೆಯಲ್ಲಿ ಮಾತ್ರ ಅವರ ಹೆಂಡತಿ ನಗುತ್ತಿರಲಿಲ್ಲ. "ಗೊರಕೆ ಕೇಳ್ತಿದ್ರೆ ನಂಗೆ ನಿದ್ದೆ ಬರುತ್ತಣ್ಣ. ಅದು ನಿಂತ್ರೆ ಎಚ್ಚರ ಆಗುತ್ತೆ. ಉಸಿರು ಇದೆಯೋ ಇಲ್ವೋ ಅಂತ ಮೂಗಿನ ಹತ್ರ ಕೈ ಇಟ್ಟು ನೋಡ್ತೀನಿ" ಎಂದರು. ನಾಲ್ಕು ಗಂಟೆಗೆ ಎದ್ದು ವ್ಯಾನ್ ಹತ್ತುವ ಗಂಡ ಒಂದು ದಿನ ತೂಕಡಿಸಿ ಗಾಡಿಯನ್ನು ರಸ್ತೆ ಬದಿಯ ಚರಂಡಿಗೆ ಇಳಿಸಿದ ಮೇಲೆ ಜಿಲ್ಲಾ ಕೇಂದ್ರಕ್ಕೆ ಹೋಗಿ ನಿದ್ದೆಯ ಪರೀಕ್ಷೆ ಮಾಡಿಸಿಕೊಂಡರು. ರಿಪೋರ್ಟಿನಲ್ಲಿ ಬಂದದ್ದು ಅಬ್‌ಸ್ಟ್ರಕ್ಟಿವ್ ಸ್ಲೀಪ್ ಅಪ್ನಿಯಾ, ಮೈಲ್ಡ್. ಒಬ್ಬರು "ಮೈಲ್ಡ್ ತಾನೇ, ಏನೂ ಆಗಲ್ಲ" ಎಂದರು. ಇನ್ನೊಬ್ಬರು ಉಸಿರಾಟದ ಮೆಷಿನ್ ಕೊಳ್ಳಲೇಬೇಕು ಎಂದರು. ಅವರು ರಿಪೋರ್ಟು ಹಿಡಿದು ನನ್ನ ಹತ್ತಿರ ಬಂದು ಕೇಳಿದ್ದು ಒಂದೇ ಪ್ರಶ್ನೆ: "ಮೈಲ್ಡ್ ಅಂದ್ರೆ ಕಾಯಿಲೆ ಇದೆ ಅಂತಲೋ, ಇಲ್ಲ ಅಂತಲೋ?"

ನಾನು ಡಾಕ್ಟರಲ್ಲ. ಆದರೆ ಈ 'ಮೈಲ್ಡ್' ಎಂಬ ಮಾತು ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದೆ. ಸಿಕ್ಕಿದ್ದು ಒಂದು ವಿಚಿತ್ರ ಚರಿತ್ರೆ. ಜಗತ್ತು ನೂರಾರು ವರ್ಷ ನಕ್ಕ ಒಂದು ಸಂಗತಿ, ಯಾರೋ ರಾತ್ರಿಯೆಲ್ಲ ಕೂತು ನೋಡಿದ ದಿನ ಕಾಯಿಲೆಯಾಯಿತು. ಆಮೇಲೆ ಅದಕ್ಕೊಂದು ಅಳತೆ ಬಂತು, ಅಳತೆಗೊಂದು ಗೆರೆ ಬಂತು. ನಮ್ಮ ವ್ಯಾನಿನವರು ನಿಂತಿರುವುದು ಆ ಗೆರೆಯ ಅಂಚಿನಲ್ಲಿ.

ಮೊದಲು ಒಳಗೆ ನಡೆಯುವುದೇನು ಎಂದು ನೋಡೋಣ. ನಾಲಿಗೆಯ ಬುಡ, ಮೆದು ಅಂಗಳ, ಕಿರುನಾಲಿಗೆ ಇರುವ ಜಾಗದಲ್ಲಿ ನಮ್ಮ ಉಸಿರಿನ ದಾರಿಗೆ ಮೂಳೆಯ ಗೋಡೆ ಇಲ್ಲ, ಬರೀ ಮಾಂಸಖಂಡ. ಎಚ್ಚರವಿದ್ದಾಗ ಅವು ಬಿಗಿಯಾಗಿದ್ದು ದಾರಿಯನ್ನು ತೆರೆದಿಡುತ್ತವೆ. ನಿದ್ದೆ ಬಂದಾಗ ಸಡಿಲವಾಗುತ್ತವೆ. ದಾರಿ ಕಿರಿದಾದರೆ ಗಾಳಿ ನುಗ್ಗುವಾಗ ಆ ಭಾಗ ಅದುರುತ್ತದೆ, ಅದೇ ಗೊರಕೆ. ಪೂರ್ತಿ ಅಂಟಿಕೊಂಡರೆ ಶಬ್ದವೂ ಇಲ್ಲ, ಗಾಳಿಯೂ ಇಲ್ಲ. ಎದೆ, ಹೊಟ್ಟೆ ಎಳೆಯುತ್ತಲೇ ಇರುತ್ತವೆ, ಉಸಿರು ಮಾತ್ರ ಒಳಗೆ ಹೋಗದು. ರಕ್ತದಲ್ಲಿ ಆಮ್ಲಜನಕ ಇಳಿಯುತ್ತಿದ್ದಂತೆ ಮೆದುಳು ಗಾಬರಿಯಾಗಿ ಒಂದು ಕ್ಷಣ ಎಬ್ಬಿಸುತ್ತದೆ. ದೊಡ್ಡದೊಂದು ಗೊರಕೆಯೊಂದಿಗೆ ಉಸಿರು ಬರುತ್ತದೆ, ಮತ್ತೆ ನಿದ್ದೆ. ಎದ್ದದ್ದು ಮಲಗಿದವರಿಗೆ ನೆನಪೇ ಇರುವುದಿಲ್ಲ. ಕುಂಭಕರ್ಣ ಬ್ರಹ್ಮನ ವರದಿಂದ ಆರು ತಿಂಗಳು ಗಡದ್ದಾಗಿ ಮಲಗಿದ. ನಾವು ಅವನ ಹೆಸರಿಟ್ಟು ನಗುವ ಮನುಷ್ಯನಿಗೆ ಒಂದು ರಾತ್ರಿಯ ನಿದ್ದೆಯೂ ಸಿಕ್ಕಿರುವುದಿಲ್ಲ.

ಈ ಕಾಯಿಲೆಯ ಮೊದಲ ಪ್ರಸಿದ್ಧ ಚಿತ್ರ ಕೊಟ್ಟವನು ಡಾಕ್ಟರಲ್ಲ, ಕಾದಂಬರಿಕಾರ. ಇಂಗ್ಲೆಂಡಿನ ಚಾರ್ಲ್ಸ್ ಡಿಕನ್ಸ್ 1836–37ರಲ್ಲಿ ಕಂತುಕಂತಾಗಿ ಪ್ರಕಟಿಸಿದ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿಯಲ್ಲಿ ಜೋ ಎಂಬ ದಪ್ಪನೆಯ ಆಳು ಹುಡುಗನಿದ್ದಾನೆ. ತಿನ್ನುವುದು, ನಿದ್ದೆ ಮಾಡುವುದು ಎರಡೇ ಅವನ ಕೆಲಸ. ಊಟ ಬಡಿಸುತ್ತಾ ನಿದ್ದೆ, ಗಾಡಿಯ ಮೇಲೆ ಕೂತಲ್ಲೇ ನಿದ್ದೆ, ನಿಂತರೂ ಗೊರಕೆ. ಓದುಗರು ಬಿದ್ದು ಬಿದ್ದು ನಕ್ಕರು. ಡಿಕನ್ಸ್ ಎಲ್ಲೋ ಒಬ್ಬ ನಿಜವಾದ ಹುಡುಗನನ್ನು ನೋಡಿ ಬರೆದಿರಬೇಕು ಎಂದು ನನಗನ್ನಿಸುತ್ತದೆ. ಅಷ್ಟು ಕರಾರುವಾಕ್ಕಾಗಿದೆ ಆ ವರ್ಣನೆ.

1889ರಲ್ಲಿ ಅದೇ ಇಂಗ್ಲೆಂಡಿನ ವಿಲಿಯಂ ಹಿಲ್ ಎಂಬ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಶಾಲೆಯಲ್ಲಿ ಹಿಂದುಳಿಯುವ 'ದಡ್ಡ' ಮಕ್ಕಳ ಬಗ್ಗೆ ಬರೆದರು. ಬಾಯಲ್ಲಿ ಉಸಿರಾಡುವ, ರಾತ್ರಿ ಗೊರಕೆ ಹೊಡೆಯುವ, ಹಗಲು ತಲೆನೋವೆಂದು ಮಂಕಾಗಿ ಕೂರುವ ಮಕ್ಕಳ ಮೂಗು, ಗಂಟಲನ್ನು ಮೊದಲು ಪರೀಕ್ಷಿಸಬೇಕು ಎಂಬುದು ಅವರ ವಾದ. ನಮ್ಮ ಶಾಲೆಗಳಲ್ಲಿ ಹಿಂದಿನ ಬೆಂಚಿನಲ್ಲಿ ತೂಕಡಿಸುವ ಮಗುವಿಗೆ ಇವತ್ತಿಗೂ ಬೀಳುವುದು ಬೈಗುಳ. ಎಷ್ಟೋ ಮಕ್ಕಳಿಗೆ ಗಂಟಲೊಳಗಿನ ಟಾನ್ಸಿಲ್, ಮೂಗಿನ ಹಿಂದಿನ ಅಡಿನಾಯ್ಡ್ ಊದಿರುವುದೇ ಕಾರಣ, ಅದನ್ನು ತೆಗೆಸಿದರೆ ನಿದ್ದೆ ಸರಿಹೋಗುತ್ತದೆ.

ಆದರೂ ಕಾಯಿಲೆಗೆ ಹೆಸರು ಬರಲಿಲ್ಲ. ಕಾರಣ ಸರಳ: ರೋಗಿ ಡಾಕ್ಟರ ಹತ್ತಿರ ಹಗಲು ಬರುತ್ತಾನೆ, ಕಾಯಿಲೆ ರಾತ್ರಿ ಬರುತ್ತದೆ.

1956ರಲ್ಲಿ ಅಮೆರಿಕದ ಬರ್ವೆಲ್ ಮತ್ತು ಸಂಗಡಿಗ ವೈದ್ಯರು ಒಬ್ಬ ದಢೂತಿ ವ್ಯಾಪಾರಸ್ಥನ ಪ್ರಕರಣ ಬರೆದರು. ಅವನು ಗೆಳೆಯರ ಜೊತೆ ಇಸ್ಪೀಟು ಆಡುತ್ತಿದ್ದಾಗ ಕೈಗೆ ಮೂರು ಎಕ್ಕ, ಎರಡು ರಾಜ ಬಂದವು. ಪೋಕರ್ ಆಟದಲ್ಲಿ ಅಂಥ ಎಲೆ ಬಂದರೆ ಯಾರೂ ಬಿಡುವುದಿಲ್ಲ. ಇವನು ಎಲೆ ಕೈಯಲ್ಲಿದ್ದ ಹಾಗೆಯೇ ನಿದ್ದೆ ಹೋದ! ಆಟ ಕೈತಪ್ಪಿತು, ಕೆಲವು ದಿನಗಳಲ್ಲಿ ಆಸ್ಪತ್ರೆ ಸೇರಿದ. ವೈದ್ಯರಿಗೆ ಡಿಕನ್ಸನ ಜೋ ನೆನಪಾಗಿ ಕಾಯಿಲೆಗೆ 'ಪಿಕ್‌ವಿಕ್ ಸಿಂಡ್ರೋಮ್' ಎಂದೇ ಹೆಸರಿಟ್ಟರು. ತೂಕ ಇಳಿಸಿದ ಮೇಲೆ ಅವನು ಚೇತರಿಸಿಕೊಂಡ. ಆದರೆ ಹಗಲಿನ ನಿದ್ದೆಗೆ ಕಾರಣ ರಕ್ತದಲ್ಲಿ ಸೇರಿಕೊಳ್ಳುವ ಇಂಗಾಲದ ಡೈಆಕ್ಸೈಡ್ ಎಂದು ಆ ವೈದ್ಯರು ತಿಳಿದಿದ್ದರು. ರಾತ್ರಿಯ ಕಡೆ ಅವರ ಗಮನ ಹೋಗಲಿಲ್ಲ.

ಗಮನ ಹೋದದ್ದು 1965ರಲ್ಲಿ. ಫ್ರಾನ್ಸಿನ ಮಾರ್ಸೆ ನಗರದಲ್ಲಿ ಗಾಸ್ಟೋ, ತಸ್ಸಿನಾರಿ, ದ್ಯುರೋಂ ಎಂಬ ಮೂವರು ಇಂಥ ರೋಗಿಗಳಿಗೆ ತಲೆಗೆ, ಎದೆಗೆ, ಮೂಗಿಗೆ ತಂತಿ ಜೋಡಿಸಿ, ಮಲಗಿಸಿ, ರಾತ್ರಿಯೆಲ್ಲ ಕಾಗದದ ಮೇಲೆ ಗೆರೆ ಮೂಡಿಸುತ್ತಾ ಕೂತರು. ಅದೇ ವರ್ಷ ಜರ್ಮನಿಯಲ್ಲಿ ಯುಂಗ್ ಮತ್ತು ಕುಲೋ ಕೂಡ ಇದೇ ಕೆಲಸ ಮಾಡಿದರು. ಉಸಿರಿನ ಗೆರೆ ಪದೇ ಪದೇ ಚಪ್ಪಟೆಯಾಗುತ್ತಿತ್ತು. ಪ್ರತಿ ಸಲವೂ ಮೆದುಳಿನ ಗೆರೆ ಎಚ್ಚರದ ಗುರುತು ತೋರಿಸಿದ ಮೇಲೆ ಉಸಿರು ಮರಳುತ್ತಿತ್ತು. ಪಕ್ಕದಲ್ಲಿ ಮಲಗುವ ಹೆಂಡತಿ ಕೈ ಮೂಗಿನ ಹತ್ತಿರ ಇಟ್ಟು ಕಂಡುಕೊಂಡದ್ದನ್ನು ವಿಜ್ಞಾನ ಅಂದು ಕಾಗದದ ಮೇಲೆ ಕಂಡಿತು. ಈ ಚರಿತ್ರೆಯಲ್ಲಿ ಹೆಸರಿಲ್ಲದ ಮೊದಲ ಸಂಶೋಧಕರು ಅವರೇ ಎಂದು ನಾನು ನಂಬಿದ್ದೇನೆ.

ಕಾಯಿಲೆ ಸಿಕ್ಕಿತು, ಔಷಧಿ ಸಿಗಲಿಲ್ಲ. ಆಗಿದ್ದ ಒಂದೇ ಗಟ್ಟಿ ದಾರಿ ಎಂದರೆ ಕತ್ತಿನ ಮುಂಭಾಗದಲ್ಲಿ ತೂತು ಕೊರೆದು, ಮುಚ್ಚಿಕೊಳ್ಳುವ ಗಂಟಲನ್ನು ಬಳಸದೆ ಅಲ್ಲಿಂದಲೇ ಉಸಿರಾಡಿಸುವುದು. ಜರ್ಮನಿಯಲ್ಲಿ 1969ರ ಹೊತ್ತಿಗೆ ಇದನ್ನು ಮಾಡಿದ ವರದಿ ಬಂತು. ಹಗಲು ಆ ತೂತಿಗೆ ಬಿರಡೆ, ರಾತ್ರಿ ತೆರೆಯುವುದು. ಕ್ರೂರ ಚಿಕಿತ್ಸೆ, ಆದರೆ ಕೆಲಸ ಮಾಡಿತು. ಗೊರಕೆ ನಿಂತಿತು, ಹಗಲಿನ ತೂಕಡಿಕೆ ಹೋಯಿತು. 1972ರಲ್ಲಿ ಫ್ರಾನ್ಸಿನಿಂದ ಅಮೆರಿಕದ ಸ್ಟ್ಯಾನ್‌ಫರ್ಡ್‌ಗೆ ಬಂದ ಕ್ರಿಸ್ತಿಯಾನ್ ಗಿಲ್ಮಿನೋ, ವಿಲಿಯಂ ಡೆಮೆಂಟ್ ಅವರ ನಿದ್ರಾ ಚಿಕಿತ್ಸಾಲಯದಲ್ಲಿ ಕೂತು ಇದನ್ನು ಮುಂದಕ್ಕೆ ಒಯ್ದರು. ಕಾರಣ ತಿಳಿಯದೆ ಬಿಪಿ ಏರಿದ್ದ ಸುಮಾರು ಹತ್ತು ವರ್ಷದ ಹುಡುಗನಿಗೆ ನಿದ್ದೆಯಲ್ಲಿ ಉಸಿರು ಕಟ್ಟುವುದೇ ಕಾರಣ ಎಂದು ಅವರು ಹೇಳಿದಾಗ ಮಕ್ಕಳ ವೈದ್ಯರು ಮೊದಲು ನಂಬಲಿಲ್ಲ. ಕೊನೆಗೆ ಕತ್ತಿಗೆ ತೂತು ಮಾಡಿದ ಮೇಲೆ ಬಿಪಿ ಇಳಿಯಿತು. ಬರೀ ನಿದ್ದೆಯ ಕಿರಿಕಿರಿ ಅಂದುಕೊಂಡದ್ದು ಹೃದಯ, ರಕ್ತನಾಳದ ಮಾತೂ ಹೌದು ಎಂದು ಗೊತ್ತಾಯಿತು.

ನಮ್ಮ ವ್ಯಾನಿನವರ ಪ್ರಶ್ನೆಗೆ ಸಂಬಂಧಪಟ್ಟ ಗೆರೆ ಎಳೆದವರೂ ಗಿಲ್ಮಿನೋ ಮತ್ತು ಸಂಗಡಿಗರೇ. 'ಸ್ಲೀಪ್ ಅಪ್ನಿಯಾ' ಎಂಬ ಹೆಸರನ್ನು ನೆಲೆಗೊಳಿಸಿದ 1976ರ ಅವರ ಲೇಖನದ ಪ್ರಕಾರ, ಉಸಿರು ಕನಿಷ್ಠ 10 ಸೆಕೆಂಡು ನಿಂತರೆ ಅದು ಒಂದು ಲೆಕ್ಕ. 7 ಗಂಟೆಯ ನಿದ್ದೆಯಲ್ಲಿ ಅಂಥದ್ದು 30 ಸಲವಾದರೆ ಕಾಯಿಲೆ. ಮೂವತ್ತನ್ನು ಏಳರಿಂದ ಭಾಗಿಸಿ ನೋಡಿ, ಗಂಟೆಗೆ ನಾಲ್ಕು ಚಿಲ್ಲರೆ. ಅದೇ ಮುಂದೆ 'ಗಂಟೆಗೆ 5' ಎಂದು ದುಂಡಗಾಯಿತು. ಉಸಿರು ಪೂರ್ತಿ ನಿಲ್ಲದೆ ತೀರಾ ಕ್ಷೀಣಿಸುವುದನ್ನೂ ಆಮೇಲೆ ಲೆಕ್ಕಕ್ಕೆ ಸೇರಿಸಿದರು. 1999ರಲ್ಲಿ ಅಮೆರಿಕದ ನಿದ್ರಾ ವೈದ್ಯರ ಸಂಘಟನೆ ಮೆಟ್ಟಿಲು ಕಟ್ಟಿತು: ಗಂಟೆಗೆ 5ರಿಂದ 15 ಮೈಲ್ಡ್, 15ರಿಂದ 30 ಮಧ್ಯಮ, 30ರ ಮೇಲೆ ತೀವ್ರ. ನಿಮ್ಮ ರಿಪೋರ್ಟಿನಲ್ಲಿ ಎ.ಎಚ್.ಐ ಎಂದು ಕಾಣುವುದು ಈ ಸಂಖ್ಯೆಯೇ. ಹೊಲದ ಬದು ಹಾಕಿದ ಹಾಗೆ ಮನುಷ್ಯರು ಹಾಕಿದ ಗೆರೆ ಇದು. ಗಂಟೆಗೆ 14 ಇರುವವನ ಗಂಟಲಿಗೂ 16 ಇರುವವನ ಗಂಟಲಿಗೂ ಅಂಥ ವ್ಯತ್ಯಾಸವಿಲ್ಲ. ಮನೆಯಲ್ಲಿ ಮಾಡುವ ಸಣ್ಣ ಪರೀಕ್ಷೆಯಲ್ಲಿ ಮೆದುಳಿನ ತಂತಿ ಇರುವುದಿಲ್ಲವಾದ್ದರಿಂದ ಎಚ್ಚರವಾಗಿ ಹೊರಳಾಡಿದ ಹೊತ್ತೂ ನಿದ್ದೆಯ ಲೆಕ್ಕಕ್ಕೆ ಸೇರಿ ಸಂಖ್ಯೆ ಕಮ್ಮಿ ಬರುವುದುಂಟು.

ಮತ್ತೆ 1980ರ ಜೂನ್‌ಗೆ ಹೋಗೋಣ, ಆಸ್ಟ್ರೇಲಿಯಾದ ಸಿಡ್ನಿಗೆ. ಕಾಲಿನ್ ಸಲಿವನ್ ಎಂಬ ವೈದ್ಯರು ಅದಕ್ಕೂ ಮುಂಚೆ ಕೆನಡಾದ ಟೊರಾಂಟೊದಲ್ಲಿ ಮಲಗಿದ ನಾಯಿಗಳ ಉಸಿರಾಟ ಅಭ್ಯಾಸ ಮಾಡಿದ್ದರು. ಅದಕ್ಕಾಗಿ ನಾಯಿಯ ಮೂತಿಗೆ ಮುಖವಾಡ ಮಾಡಿ ಅನುಭವವಿತ್ತು. ಕತ್ತಿಗೆ ತೂತು ಬೇಡ, ಬೇರೇನಾದರೂ ಮಾಡಿ ಎಂದ ರೋಗಿಯೊಬ್ಬನಿಗೆ ಅವರು ಮೂಗಿಗೆ ಮುಖವಾಡ ಅಂಟಿಸಿ, ವ್ಯಾಕ್ಯೂಂ ಕ್ಲೀನರಿನ ಮೋಟಾರಿನಿಂದ ಗಾಳಿ ಊದಿದರು. ಕಸ ಎಳೆಯುವ ಮೋಟಾರಿನ ಊದುವ ಬದಿಯನ್ನು ಬಳಸಿಕೊಂಡರು ಅಷ್ಟೆ. ಗಾಳಿಯ ಒತ್ತಡವೇ ಗಂಟಲನ್ನು ಒಳಗಿನಿಂದ ಆತು ಹಿಡಿಯಿತು, ರೋಗಿ ರಾತ್ರಿಯಿಡೀ ಮಲಗಿದ. 1981ರಲ್ಲಿ ಐವರು ರೋಗಿಗಳ ವಿವರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಬೇಕಾದ ಒತ್ತಡ 4.5ರಿಂದ 10 ಸೆಂಟಿಮೀಟರ್ ನೀರಿನಷ್ಟು. ಲೋಟದ ತುಂಬ ನೀರಿಟ್ಟು ತಳಕ್ಕೆ ಕೊಳವೆ ಮುಟ್ಟಿಸಿ ಗುಳ್ಳೆ ಬರುವಂತೆ ಊದಿ ನೋಡಿ, ಅಷ್ಟೇ ಬಲ. ಕತ್ತು ಕೊಯ್ಯುವ ಚಿಕಿತ್ಸೆಯ ಜಾಗಕ್ಕೆ ಲೋಟದ ನೀರಿನ ಬಲ ಬಂತು. ಇವತ್ತು ಸಿಪ್ಯಾಪ್ ಎಂದು ಮಾರುವ ಮೆಷಿನ್ ಅದರ ಮೊಮ್ಮಗ. ಅದೇ ಕಾಲಕ್ಕೆ ಕಿರುನಾಲಿಗೆ, ಅಂಗಳದ ಸಡಿಲ ಮಾಂಸ ಕತ್ತರಿಸುವ ಆಪರೇಷನ್ನೂ ಜನಪ್ರಿಯವಾಯಿತು. ಕೆಲವರಿಗೆ ಗುಣ, ಹಲವರಿಗೆ ನೋವಷ್ಟೇ ಉಳಿಯಿತು.

ಮೆಷಿನ್ ಬಂದ ಮೇಲೆ ಎಷ್ಟು ಜನರಿಗೆ ಈ ಕಾಯಿಲೆ ಎಂದು ಎಣಿಸುವ ಕೆಲಸ ಶುರುವಾಯಿತು. 1993ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಟೆರಿ ಯಂಗ್ ತಂಡ 30ರಿಂದ 60 ವರ್ಷದ ನೌಕರರನ್ನು ಮಲಗಿಸಿ ನೋಡಿತು. ಗಂಟೆಗೆ 5 ಅಥವಾ ಹೆಚ್ಚು ಸಲ ಉಸಿರು ಕಟ್ಟುವವರು ಗಂಡಸರಲ್ಲಿ ಶೇ 24, ಹೆಂಗಸರಲ್ಲಿ ಶೇ 9. ಜೊತೆಗೆ ಹಗಲಿನ ತೂಕಡಿಕೆಯೂ ಇದ್ದವರು ಶೇ 4 ಮತ್ತು ಶೇ 2 ಮಾತ್ರ. ಮುಂಬೈನಲ್ಲಿ ಉದ್ವಾಡಿಯಾ ಮತ್ತು ಸಂಗಡಿಗರು 35ರಿಂದ 65 ವರ್ಷದ ಗಂಡಸರಲ್ಲಿ ಮಾಡಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಥೆ: ಗೆರೆ ದಾಟಿದವರು ಶೇ 19.5, ತೂಕಡಿಕೆಯೂ ಇದ್ದವರು ಶೇ 7.5. ಅಂದರೆ ಗೆರೆ ದಾಟಿದ ಬಹಳ ಮಂದಿಗೆ ತೊಂದರೆಯೇ ಗೊತ್ತಾಗಿರಲಿಲ್ಲ. 'ಮೈಲ್ಡ್' ಎಂಬ ಗುಂಪಿನ ಜಗಳ ಹುಟ್ಟಿದ್ದು ಇಲ್ಲಿ.

ಜಗಳದ ಒಂದು ಪಕ್ಷ ಬಿಪಿಯದು. ಅದೇ ವಿಸ್ಕಾನ್ಸಿನ್ ಜನರನ್ನು ನಾಲ್ಕು ವರ್ಷ ಹಿಂಬಾಲಿಸಿದ ವರದಿ 2000ದಲ್ಲಿ ಬಂತು. ಮೈಲ್ಡ್ ಇದ್ದವರಿಗೆ ಬಿಪಿ ಬರುವ ಸಂಭವ ಏನೂ ಇಲ್ಲದವರಿಗಿಂತ ಸುಮಾರು ಎರಡು ಪಟ್ಟು ಎಂದಿತು. ಆದರೆ 2009ರಲ್ಲಿ ಇನ್ನೂ ದೊಡ್ಡ ಗುಂಪನ್ನು ನೋಡಿದ ಅಧ್ಯಯನ, ತೂಕವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆ ನಂಟು ಸಡಿಲವಾಗುತ್ತದೆ ಎಂದಿತು. ತೀವ್ರವಾದ ಕಾಯಿಲೆ ಹೃದಯಕ್ಕೆ, ಮೆದುಳಿನ ರಕ್ತನಾಳಕ್ಕೆ ಒಳ್ಳೆಯದಲ್ಲ ಎಂಬುದಕ್ಕೆ ಆಧಾರ ಬಲವಾಗಿದೆ. ಮೈಲ್ಡ್ ವಿಷಯದಲ್ಲಿ ಅಷ್ಟು ಬಲವಿಲ್ಲ. ಆದ್ದರಿಂದ "ಇದರಿಂದ ಹಾರ್ಟ್ ಅಟ್ಯಾಕ್ ಆಗೇ ಆಗುತ್ತೆ" ಎಂದು ಹೆದರಿಸಿ ಮೆಷಿನ್ ಮಾರುವವರ ಮಾತನ್ನು ಹಾಗೇ ನುಂಗಬೇಡಿ. 2022ರ ಫೆಬ್ರವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ ತೀರಿಕೊಂಡಾಗ ವೈದ್ಯರು ಈ ಕಾಯಿಲೆಯ ಹೆಸರು ಹೇಳಿದ್ದರಿಂದ ವಾಟ್ಸಾಪಿನಲ್ಲಿ ಗೊರಕೆ ಹೊಡೆಯುವವರೆಲ್ಲ ಹೆದರಿದ್ದರು. 'ಆಫ್ರಿಕಾದಲ್ಲಿ ಶೀಲಾ' ಚಿತ್ರಕ್ಕೆ ಸಂಗೀತ ಕೊಟ್ಟವರು, ನಮಗೂ ಬೇಕಾದವರೇ. ಆದರೆ ಅವರಿಗೆ ಬೇರೆ ಆರೋಗ್ಯ ಸಮಸ್ಯೆಗಳೂ ಇದ್ದವು. ಮೈಲ್ಡ್ ಎಂದು ಬರೆದ ಒಂದು ರಿಪೋರ್ಟಿಗೂ ಅದಕ್ಕೂ ತಾಳೆ ಹಾಕಬಾರದು.

ಇನ್ನೊಂದು ಪಕ್ಷ ಹಗಲಿನದು. 2020ರಲ್ಲಿ ಬ್ರಿಟನ್ನಿನ 11 ಕೇಂದ್ರಗಳಲ್ಲಿ ಮೈಲ್ಡ್ ಇದ್ದ 301 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೂರು ತಿಂಗಳು ಸಿಪ್ಯಾಪ್ ಕೊಟ್ಟರು. ಮೆಷಿನ್ ಹಾಕಿಕೊಂಡವರ ಚೈತನ್ಯ, ಲವಲವಿಕೆ ಸುಧಾರಿಸಿತು. ಹಾಗಾಗಿ "ಮೈಲ್ಡ್ ತಾನೇ" ಎಂದು ತಳ್ಳಿಹಾಕುವ ಮಾತೂ ಸರಿಯಲ್ಲ. ಮೈಲ್ಡ್ ಎಂಬುದು ಉಸಿರು ನಿಂತ ಲೆಕ್ಕ. ಆ ಮನುಷ್ಯನ ಹಗಲು ಎಷ್ಟು ಹಾಳಾಗಿದೆ ಎಂಬ ಲೆಕ್ಕ ಅದರಲ್ಲಿಲ್ಲ. ಗಂಟೆಗೆ 8 ಸಲ ಉಸಿರು ಕಟ್ಟಿ, ಬೆಳಿಗ್ಗೆ ಗದ್ದೆಗೆ ನೀರು ಕಟ್ಟಲು ಹೋಗುವವನ ಮಾತು ಬೇರೆ, ಅದೇ 8 ಇಟ್ಟುಕೊಂಡು ನಸುಕಿನಲ್ಲಿ ಸ್ಟೇರಿಂಗ್ ಹಿಡಿಯುವವನ ಮಾತು ಬೇರೆ. ಡ್ರೈವರ್‌ಗಳು, ಮಾತ್ರೆ ತೆಗೆದುಕೊಂಡರೂ ಬಿಪಿ ಹತೋಟಿಗೆ ಬಾರದವರು, ಹೃದಯದ ಬಡಿತದ ತೊಂದರೆ ಇರುವವರು, ಒಮ್ಮೆ ಲಕ್ವ ಹೊಡೆದವರು ಮೈಲ್ಡ್ ಎಂದು ಬಂದರೂ ಡಾಕ್ಟರ ಹತ್ತಿರ ಕೂತು ಮಾತಾಡಲೇಬೇಕು. ಕಿವಿ ಮೂಗು ಗಂಟಲಿನವರು ಅಥವಾ ಶ್ವಾಸಕೋಶದವರು ಇದನ್ನು ನೋಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ನಿದ್ದೆಯ ಪರೀಕ್ಷೆ, ಸಂಶೋಧನೆ ನಡೆಯುತ್ತದೆ.

ಅಲ್ಲಿ ಡಾಕ್ಟರು ಬಾಯಿ ಅಗಲಿಸಿ ನಾಲಿಗೆ ಚಾಚಲು ಹೇಳಿದರೆ ನೆನಪಿಡಿ, ಆ ಪರೀಕ್ಷೆಗೆ ಆಂಧ್ರದಿಂದ ಅಮೆರಿಕಕ್ಕೆ ಹೋದ ಅರಿವಳಿಕೆ ತಜ್ಞ ಶೇಷಗಿರಿ ರಾವ್ ಮಲ್ಲಂಪಾಟಿ ಅವರ ಹೆಸರಿದೆ. ಆಪರೇಷನ್‌ಗೆ ಮುಂಚೆ ಗಂಟಲಿಗೆ ಕೊಳವೆ ಹಾಕಲು ಕಷ್ಟವಾಗುತ್ತದೋ ಎಂದು ತಿಳಿಯಲು ಅವರು 1985ರಲ್ಲಿ ಬರೆದ ಉಪಾಯವದು. ಕಿರುನಾಲಿಗೆ ಎಷ್ಟು ಕಾಣುತ್ತದೆ ಎಂದು ನೋಡುವುದು. ಕಾಣದಷ್ಟು ಇಕ್ಕಟ್ಟಿದ್ದರೆ ನಿದ್ದೆಯಲ್ಲೂ ದಾರಿ ಕಟ್ಟುವ ಸಂಭವ ಹೆಚ್ಚು.

ಚಿಕಿತ್ಸೆಗಳ ಸಾಲಿನಲ್ಲಿ ಮೈಲ್ಡ್ ಇರುವವರಿಗೆ ಮೊದಲು ಬರುವುದು ಅತ್ಯಂತ ಹಳೆಯದೇ, 1956ರ ಆ ಇಸ್ಪೀಟಿನವನಿಗೆ ಕೊಟ್ಟದ್ದು: ತೂಕ. ವಿಸ್ಕಾನ್ಸಿನ್ ಲೆಕ್ಕದಲ್ಲಿ ಮೈತೂಕ ನೂರಕ್ಕೆ ಹತ್ತು ಪಾಲು ಇಳಿದರೆ ಉಸಿರು ಕಟ್ಟುವ ಸಂಖ್ಯೆ ಸುಮಾರು ಕಾಲುಭಾಗ ಇಳಿಯುತ್ತದೆ, ಅಷ್ಟೇ ತೂಕ ಏರಿದರೆ ಸುಮಾರು ಮೂರನೇ ಒಂದು ಪಾಲು ಏರುತ್ತದೆ. ಸಣಕಲು ದೇಹದವರಿಗೂ ದವಡೆ ಚಿಕ್ಕದಿದ್ದರೆ ಈ ಕಾಯಿಲೆ ಬರುತ್ತದೆ, ಅವರಿಗೆ ಈ ಮಾತು ಹೊಂದುವುದಿಲ್ಲ. ಎರಡನೆಯದು ಮಗ್ಗುಲು. ಅಂಗಾತ ಮಲಗಿದಾಗ ನಾಲಿಗೆ ಹಿಂದಕ್ಕೆ ಜಾರುತ್ತದೆ, ಮಗ್ಗುಲಾಗಿ ಮಲಗಿದರೆ ಎಷ್ಟೋ ಮಂದಿಗೆ ಅರ್ಧಕ್ಕಿಂತ ಹೆಚ್ಚು ತೊಂದರೆ ಕಮ್ಮಿ. ಮೂರನೆಯದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ: ರಾತ್ರಿಯ ಎಣ್ಣೆ. ಮದ್ಯವೂ ನಿದ್ದೆ ಮಾತ್ರೆಯೂ ಗಂಟಲಿನ ಸ್ನಾಯುವನ್ನು ಇನ್ನಷ್ಟು ಸಡಿಲಿಸುತ್ತವೆ. ಮೂಗು ಕಟ್ಟಿದ್ದರೆ ಅದಕ್ಕೂ ಚಿಕಿತ್ಸೆ ಬೇಕು. ಇಷ್ಟಕ್ಕೆ ಬಗ್ಗದಿದ್ದರೆ ಕೆಳದವಡೆಯನ್ನು ಸ್ವಲ್ಪ ಮುಂದಕ್ಕೆ ಹಿಡಿಯುವ ಹಲ್ಲಿನ ಕವಚವನ್ನು ದಂತ ವೈದ್ಯರು ಅಳತೆ ತೆಗೆದು ಮಾಡಿಕೊಡುತ್ತಾರೆ. ಹಗಲು ತೂಕಡಿಕೆ ಕಾಡುತ್ತಿದ್ದರೆ ಮೈಲ್ಡ್ ಆದರೂ ಸಿಪ್ಯಾಪ್ ಉಂಟು. ಕೊಳ್ಳುವ ಮುಂಚೆ ಕೆಲವು ರಾತ್ರಿ ಹಾಕಿಕೊಂಡು ನೋಡಲು ಕೊಡುತ್ತಾರೋ ಕೇಳಿ. ತಂದು ಅಟ್ಟಕ್ಕೆ ಹಾಕುವವರೇ ಬಹಳ.

ಒಂದು ತಮಾಷೆಯ ಸಂಗತಿಯೂ ಇದೆ. ಸ್ವಿಟ್ಜರ್ಲೆಂಡಿನಲ್ಲಿ 25 ಮಂದಿಯ ಮೇಲೆ ನಡೆದ ಪ್ರಯೋಗವೊಂದು 2006ರಲ್ಲಿ ಪ್ರಕಟವಾಯಿತು. ಆಸ್ಟ್ರೇಲಿಯಾದ ಮೂಲನಿವಾಸಿಗಳ ಡಿಜೆರಿಡೂ ಎಂಬ ಉದ್ದ ಕೊಳವೆಯ ವಾದ್ಯವನ್ನು ನಾಲ್ಕು ತಿಂಗಳು ಊದಿದವರಿಗೆ ಹಗಲಿನ ತೂಕಡಿಕೆ ಕಮ್ಮಿಯಾಯಿತು. 2025ರಲ್ಲಿ ಜೈಪುರದ ವೈದ್ಯರು ಅದನ್ನೇ ಶಂಖದಿಂದ ಮಾಡಿ ನೋಡಿದರು. 30 ಮಂದಿ, ದಿನಕ್ಕೆ ಹದಿನೈದು ನಿಮಿಷ, ವಾರಕ್ಕೆ ಐದು ದಿನ, ಆರು ತಿಂಗಳು. ಊದಿದವರಿಗೆ ಗಂಟೆಗೆ ನಾಲ್ಕೈದು ಸಲ ಉಸಿರು ಕಟ್ಟುವುದು ತಗ್ಗಿತು. ಎರಡೂ ಸಣ್ಣ ಪ್ರಯೋಗಗಳು, ಎರಡೂ ಮಧ್ಯಮ ಹಂತದ ರೋಗಿಗಳ ಮೇಲೆ ನಡೆದವು, ಇದನ್ನೇ ನಂಬಿ ಡಾಕ್ಟರನ್ನು ಬಿಡಬೇಡಿ. ಆದರೆ ಶನಿವಾರ ಮನೆ ಬಾಗಿಲಿಗೆ ಬರುತ್ತಿದ್ದ ದಾಸಯ್ಯನ ಗಂಟಲು ಎಷ್ಟು ಗಟ್ಟಿ ಇದ್ದಿರಬೇಕು ಎಂದು ಓದುವಾಗ ಅನ್ನಿಸಿತು.

ನಮ್ಮ ವ್ಯಾನಿನವರ ಸಂಖ್ಯೆ ಗಂಟೆಗೆ 11. ಡಾಕ್ಟರು ಮೂರು ತಿಂಗಳು ಕೊಟ್ಟು ನೋಡೋಣ ಎಂದಿದ್ದಾರೆ. ಅಲ್ಲಿಯವರೆಗೆ ನಸುಕಿನ ಟ್ರಿಪ್ಪನ್ನು ತಮ್ಮನಿಗೆ ಬಿಟ್ಟಿದ್ದಾರೆ. ರಾತ್ರಿ ಎಣ್ಣೆ ನಿಲ್ಲಿಸಿದ್ದಾರಂತೆ, ಹೆಂಡತಿ 'ಅಂತೆ' ಎಂದೇ ಹೇಳಿದರು. ಹಳೆಯ ಬನಿಯನ್ನಿನ ಬೆನ್ನಿಗೆ ಜೇಬು ಹೊಲಿದು ಅದರಲ್ಲಿ ಮಗನ ಟೆನಿಸ್ ಚೆಂಡು ಇಟ್ಟಿದ್ದಾರೆ, ಅಂಗಾತ ಹೊರಳಿದರೆ ಒತ್ತುತ್ತದೆ. ಮೊದಲ ವಾರ ಬೈದುಕೊಂಡರು, ಈಗ ಒಗ್ಗಿದೆ. ಆ ತಾಯಿ ಫೋನಿನಲ್ಲಿ ಒಂದು ರಾತ್ರಿಯ ಗೊರಕೆ ರೆಕಾರ್ಡ್ ಮಾಡಿ ಇಟ್ಟುಕೊಂಡಿದ್ದಾರೆ, ಮುಂದಿನ ಸಲ ಡಾಕ್ಟರಿಗೆ ಕೇಳಿಸಲು.